ಹೆಸರಿಲ್ಲದ ಆರು ಗ್ಲಾಸು

ಬ್ಲೈಂಡ್ ಟೇಸ್ಟಿಂಗ್ ಎಂದ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವೈನ್ ಕುಡಿಯುತ್ತಾರೆಂದು ಹಲವರು ಭಾವಿಸುತ್ತಾರೆ. ಬಟ್ಟೆ ಕಟ್ಟುವುದು ಬಾಟಲಿಗೆ. ಕುಡಿಯುವವರ ಕಣ್ಣು ತೆರೆದೇ ಇರುತ್ತದೆ. ವೈನಿನ ಹೆಸರು, ಊರು, ವರ್ಷ, ಬೆಲೆ ಮಾತ್ರ ಅವರಿಗೆ ತಿಳಿಯಬಾರದು. ಉಳಿದದ್ದನ್ನು ಕಣ್ಣು, ಮೂಗು, ನಾಲಿಗೆ ಮತ್ತು ನೆನಪು ಸೇರಿ ಹೇಳಬೇಕು. ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಆರು ಮಂದಿ ಗೆಳೆಯರು ಎರಡು ತಿಂಗಳಿಗೊಮ್ಮೆ ಹೀಗೆ ಕೂರುತ್ತಾರೆ. ಅಂಥ ಒಂದು ಸಂಜೆ ಮೇಜಿನ ತುದಿಯಲ್ಲಿ ಕುಳಿತು ಕಂಡದ್ದು ಇದು.

ಸಂಜೆಯ ಕೆಲಸ ಬೆಳಿಗ್ಗೆಯೇ ಶುರುವಾಗಿತ್ತು. ಆ ದಿನ ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬೀಳಲಿಲ್ಲ. ದೇವರ ಮುಂದೆ ದೀಪ ಹಚ್ಚಿದರು, ಊದುಬತ್ತಿ ಹಚ್ಚಲಿಲ್ಲ. ಮನೆಯೊಡತಿಯ ಅಮ್ಮ ಮಲ್ಲಿಗೆ ಮುಡಿಯಲಿಲ್ಲ. ಬರುವವರಿಗೆ ಸೆಂಟು ಹಾಕಿಕೊಳ್ಳಬೇಡಿ ಎಂದು ಮೊದಲೇ ಹೇಳಿಯಾಗಿತ್ತು. ವೈನಿನ ಪರೀಕ್ಷೆಯಲ್ಲಿ ಬಹುಪಾಲು ಕೆಲಸ ಮೂಗಿನದು. ನಡುಮನೆಯಲ್ಲಿ ಒಂದು ಮೊಳ ಮಲ್ಲಿಗೆ ಇದ್ದರೂ ಸಾಕು, ಆರು ಗ್ಲಾಸುಗಳಲ್ಲೂ ಮಲ್ಲಿಗೆಯೇ ಕಾಣಿಸಿಕೊಳ್ಳುತ್ತದೆ.

ಒಬ್ಬೊಬ್ಬರಿಗೆ ಆರರಂತೆ ಮೂವತ್ತಾರು ಗ್ಲಾಸು ಬೇಕು. ಎಲ್ಲವೂ ಒಂದೇ ಆಕಾರದವು: ಹೊಟ್ಟೆ ಅಗಲ, ಬಾಯಿ ಕಿರಿದು, ಹಿಡಿಯಲು ಉದ್ದನೆಯ ಕಾಲು. ಅಗಲವಾದ ಹೊಟ್ಟೆಯಲ್ಲಿ ವೈನ್ ಹರಡಿಕೊಂಡು ವಾಸನೆ ಬಿಡುತ್ತದೆ, ಕಿರಿದಾದ ಬಾಯಿ ಆ ವಾಸನೆಯನ್ನು ಚದುರದಂತೆ ಹಿಡಿದಿಡುತ್ತದೆ. ಗ್ಲಾಸಿನ ಬುರುಡೆಯನ್ನು ಮುಟ್ಟಿದರೆ ಕೈಯ ಬಿಸಿ ವೈನಿಗೆ ತಾಗುವುದರಿಂದ ಕಾಲನ್ನೇ ಹಿಡಿಯಬೇಕು. ಸೋಪಿನ ವಾಸನೆಯೂ ಉಳಿಯಬಾರದೆಂದು ಮೂವತ್ತಾರನ್ನೂ ಬರೀ ಬಿಸಿನೀರಿನಲ್ಲಿ ತೊಳೆದು, ಹಳೆಯ ಹತ್ತಿ ಪಂಚೆಯಲ್ಲಿ ಒರೆಸಿ, ಒಂದೊಂದನ್ನೂ ಮೂಸಿ ನೋಡಿ ಇಟ್ಟಿದ್ದರು. ಕಪಾಟಿನ ಮರದ ವಾಸನೆ ಹಿಡಿದಿದ್ದ ಎರಡು ಗ್ಲಾಸುಗಳನ್ನು ಮತ್ತೆ ತೊಳೆದರು.

ಇನ್ನು ಮುಚ್ಚಿಡುವ ಕೆಲಸ. ಬಾಟಲಿಯನ್ನು ಖಾಕಿ ಕಾಗದದಲ್ಲಿ ಸುತ್ತಿದರೆ ಸಾಲದೇ ಎಂದು ಕೇಳಬಹುದು. ಅಭ್ಯಾಸವಿದ್ದವರಿಗೆ ಬಾಟಲಿಯ ಆಕಾರವೇ ಅರ್ಧ ಉತ್ತರ. ಫ್ರಾನ್ಸಿನ ಬೋರ್ಡೋ ಸೀಮೆಯ ಬಾಟಲಿಗೆ ಎದ್ದು ಕಾಣುವ ಭುಜವಿದೆ, ಬರ್ಗಂಡಿಯ ಬಾಟಲಿಯ ಭುಜ ಇಳಿಜಾರು. ಬಿರಡೆಯೋ ತಿರುಗಿಸುವ ಮುಚ್ಚಳವೋ ಎಂಬುದರಲ್ಲೂ ಸುಳಿವಿದೆ. ಆದ್ದರಿಂದ ಈ ಮನೆಯಲ್ಲಿ ವೈನನ್ನೆಲ್ಲ ಒಂದೇ ಬಗೆಯ ಗಾಜಿನ ಜಗ್ಗುಗಳಿಗೆ ಬಗ್ಗಿಸಿ, ಖಾಲಿ ಬಾಟಲಿಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕುತ್ತಾರೆ. ಸುರಿದವರಿಗೆ ಯಾವ ಜಗ್ಗಿನಲ್ಲಿ ಏನಿದೆಯೆಂದು ಗೊತ್ತಿರುತ್ತದಲ್ಲ, ಅದಕ್ಕೂ ದಾರಿಯಿದೆ. ಬಾಟಲಿಗಳನ್ನು ತರಿಸಿದ್ದೂ ಸುರಿದದ್ದೂ ಮನೆಯೊಡತಿಯ ಅಮ್ಮ. ಅವರೇ ಜಗ್ಗುಗಳನ್ನು ಅದಲುಬದಲು ಮಾಡಿ, ಕೊರಳಿಗೆ ಅಕ್ಷರದ ಚೀಟಿ ಕಟ್ಟಿ, ಯಾವ ಅಕ್ಷರ ಯಾವ ವೈನಿನದೆಂಬ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದರು. ಅವರು ವೈನ್ ಮುಟ್ಟುವವರಲ್ಲ. ಅಕ್ಷರಗಳು ಕ, ಗ, ಜ, ದ, ಮ, ಲ. ಒಂದು ಎರಡು ಎಂದು ಅಂಕಿ ಬರೆದರೆ ಒಂದನೆಯದೇ ಶ್ರೇಷ್ಠವೆಂಬ ಭಾವನೆ ಅರಿವಿಲ್ಲದೆ ಮನಸ್ಸಿಗೆ ಬರುತ್ತದೆ. ರುಚಿ ಪರೀಕ್ಷೆಯ ಪ್ರಯೋಗಾಲಯಗಳಲ್ಲೂ ಇದೇ ಕಾರಣಕ್ಕೆ 1, 2 ಎನ್ನದೆ ಕ್ರಮವಿಲ್ಲದ ಮೂರಂಕಿ ಸಂಖ್ಯೆಗಳನ್ನು ಬಳಸುತ್ತಾರೆ.

ಜಗ್ಗುಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದರು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳಲ್ಲಿ ಹುಟ್ಟಿದ್ದು. ಅದಕ್ಕೆ ಹಿತವಾದ ಬಿಸಿ 15ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಸಂಜೆಯ ಶಾಖದಲ್ಲಿ ಮದ್ಯಸಾರವೇ ಮುಂದೆ ಬಂದು ಮೂಗು ಚುಚ್ಚುತ್ತದೆ.

ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಪ್ರತಿಯೊಬ್ಬರ ಮುಂದೆ ನೀರು, ಸಪ್ಪೆ ಬ್ರೆಡ್ಡಿನ ತುಂಡು, ಒಂದು ಹಾಳೆ, ಪೆನ್ಸಿಲ್ಲು ಮತ್ತು ಒಂದು ಸ್ಟೀಲ್ ಚೊಂಬು. ಚೊಂಬು ಉಗುಳುವುದಕ್ಕೆ. ತಾಂಬೂಲದ ಕಾಲದ ನಮ್ಮ ಮನೆಗಳಲ್ಲಿದ್ದ ಪೀಕದಾನಿಯ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 12ರಿಂದ 14.5 ಪಾಲು ಮದ್ಯಸಾರ ಇರುತ್ತದೆ. ಆರನ್ನೂ ನುಂಗಿದರೆ ನಾಲ್ಕನೆಯ ಗ್ಲಾಸಿನ ಹೊತ್ತಿಗೆ ವಿವೇಚನೆ ಮಸುಕಾಗುತ್ತದೆ. ಪರೀಕ್ಷೆ ಮುಗಿಯುವವರೆಗೂ ಆ ಮೇಜಿನಲ್ಲಿ ಯಾರೂ ಒಂದು ಗುಟುಕನ್ನೂ ನುಂಗಲಿಲ್ಲ.

ಒಂದೊಂದು ಗ್ಲಾಸಿಗೆ 50 ಮಿಲಿಲೀಟರ್ ಸುರಿದರು. ಮೊದಲ ಕೆಲಸ ನೋಡುವುದು. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ವೈನ್ ಒಂದು ಕಡೆಗೆ ಹರಿದು ಅಂಚಿನಲ್ಲಿ ತೆಳುವಾಗುತ್ತದೆ. ಆ ಅಂಚಿನಲ್ಲಿ ವಯಸ್ಸು ತಿಳಿಯುತ್ತದೆ. ಹೆಚ್ಚಿನ ದ್ರಾಕ್ಷಿ ತಳಿಗಳ ತಿರುಳಿಗೆ ಬಣ್ಣವಿಲ್ಲ, ಕೆಂಪೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಟ್ಟಾಗ ಬಣ್ಣ ಇಳಿಯುತ್ತದೆ. ಎಳೆಯ ವೈನಿನ ಅಂಚು ನೇರಳೆ ಬಣ್ಣಕ್ಕೆ ತಿರುಗಿದ್ದರೆ, ವರ್ಷಗಳು ಕಳೆದಂತೆ ಅದು ದಾಳಿಂಬೆಯ ಕೆಂಪಾಗಿ, ಆಮೇಲೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ. ತಳಿಯ ಸುಳಿವೂ ಇಲ್ಲಿದೆ. ‘ಗ’ ಗ್ಲಾಸಿನ ಕೆಳಗೆ ಹಾಳೆ ಹಿಡಿದರೆ ಬರೆದ ಅಕ್ಷರ ಓದಬಹುದಿತ್ತು, ಅಷ್ಟು ತಿಳಿ. ‘ಲ’ದ ಕೆಳಗೆ ಏನೂ ಕಾಣಲಿಲ್ಲ.

ಗ್ಲಾಸನ್ನು ಕಲಕಿ ಬಿಟ್ಟರೆ ಒಳಗೋಡೆಯ ಮೇಲೆ ಹನಿಗಳು ಕಣ್ಣೀರಿನಂತೆ ಇಳಿಯುತ್ತವೆ. ಇದನ್ನು ಗುಣಮಟ್ಟದ ಗುರುತೆಂದು ನಂಬುವವರಿದ್ದಾರೆ. ಗೋಡೆಗಂಟಿದ ತೆಳು ಪೊರೆಯಿಂದ ಮದ್ಯಸಾರ ಬೇಗ ಆರುತ್ತದೆ, ಅಲ್ಲಿ ನೀರಿನ ಪಾಲು ಮತ್ತು ಎಳೆತ ಹೆಚ್ಚಿ ಕೆಳಗಿನ ದ್ರವವನ್ನು ಮೇಲಕ್ಕೆಳೆಯುತ್ತದೆ, ಭಾರ ತಾಳದೆ ಹನಿ ಜಾರುತ್ತದೆ. ಅದು ಹೇಳುವುದು ಮುಖ್ಯವಾಗಿ ಮದ್ಯಸಾರದ ವಿಷಯವನ್ನು.

ಎರಡನೆಯದು ಮೂಗು. ಗ್ಲಾಸನ್ನು ಕಲಕದೆ ಒಮ್ಮೆ, ಕಲಕಿ ಒಮ್ಮೆ ಮೂಸುತ್ತಾರೆ. ಚಿಕ್ಕ ಚಿಕ್ಕ ಉಸಿರು. ದೀರ್ಘವಾಗಿ ಎಳೆದರೆ ಮೂಗು ಬೇಗ ದಣಿಯುತ್ತದೆ. ದಣಿದಾಗ ತಮ್ಮದೇ ತೋಳನ್ನು ಮೂಸುತ್ತಾರೆ. ಸದಾ ಜೊತೆಗಿರುವ ಆ ಪರಿಚಿತ ವಾಸನೆಗೆ ಮೂಗು ಮರಳಿ, ಮತ್ತೆ ಹೊರಡಲು ಸಿದ್ಧವಾಗುತ್ತದೆ.

ವಾಸನೆಯನ್ನು ಹೆಸರಿಸುವುದೇ ಇಡೀ ವಿದ್ಯೆಯ ಕಷ್ಟದ ಭಾಗ. ಮೂಗಿಗೆ ಗುರುತು ಹತ್ತಿದರೂ ಬಾಯಿಗೆ ಮಾತು ಬರುವುದಿಲ್ಲ. ಇದಕ್ಕೆ ನೆರವಾಗಲೆಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆ್ಯನ್ ನೋಬಲ್ 1984ರಲ್ಲಿ ವಾಸನೆಗಳ ಚಕ್ರವೊಂದನ್ನು ರೂಪಿಸಿದರು. ಒಳವೃತ್ತದಲ್ಲಿ ಹಣ್ಣು, ಹೂವು, ಮಸಾಲೆ, ಮಣ್ಣು ಎಂಬಂಥ ದೊಡ್ಡ ಗುಂಪುಗಳು. ಹೊರವೃತ್ತಕ್ಕೆ ಹೋದಂತೆ ಚೆರಿ, ಲವಂಗ, ಅಣಬೆ ಎಂದು ನಿಖರವಾಗುತ್ತವೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್ ಹಣ್ಣನ್ನು ಈ ಮೇಜಿನ ಬಹುಪಾಲು ಜನ ತಿಂದವರಲ್ಲ. ಹಾಗಾಗಿ ಅವರ ಹಾಳೆಗಳಲ್ಲಿ ನೇರಳೆಹಣ್ಣು, ಕೋಕಂ, ಒಣದ್ರಾಕ್ಷಿ, ಮಳೆಗೆ ನೆಂದ ಮಣ್ಣು, ಹೊಸ ಚಪ್ಪಲಿಯ ತೊಗಲು ಇವೆ. ಓಕ್ ಮರದ ಪೀಪಾಯಿಯಲ್ಲಿಟ್ಟ ವೈನಿಗೆ ಆ ಮರ ವೆನಿಲಾ ಮತ್ತು ಲವಂಗದ ವಾಸನೆ ಕೊಡುತ್ತದೆ. ಪೀಪಾಯಿ ಅಮೆರಿಕದ ಓಕ್ ಆಗಿದ್ದರೆ ಕೊಬ್ಬರಿಯ ವಾಸನೆ ಮುಂದಾಗುತ್ತದೆ. ಒಣಕೊಬ್ಬರಿಯ ಡಬ್ಬಿ ತೆರೆದು ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

‘ಜ’ ಗ್ಲಾಸಿನ ಬಳಿ ಮನೆಯೊಡತಿ ತಡವರಿಸಿದರು. ಗುರುತಿದೆ, ಮಾತು ಸಿಗುತ್ತಿಲ್ಲ. ಉಳಿದವರಿಗೆ ಕೇಳಿಸದಂತೆ ಗ್ಲಾಸನ್ನು ಅಡುಗೆಮನೆಯ ಬಾಗಿಲಿಗೆ ಒಯ್ದು, “ಅಮ್ಮಾ, ಕುಡಿಯಬೇಡ, ಬರೀ ಮೂಸು” ಎಂದರು.

ಅಮ್ಮ ಸೆರಗಿನಲ್ಲಿ ಕೈಯೊರೆಸಿಕೊಂಡು ಗ್ಲಾಸಿನ ಮೇಲೆ ಬಾಗಿದರು. “ದೊಣ್ಣೆಮೆಣಸಿನಕಾಯಿ ಕಣೇ. ಹೆಚ್ಚಿ ಬೀಜ ತೆಗೀವಾಗ ಬರತ್ತಲ್ಲ, ಆ ಹಸೀ ವಾಸನೆ.”

ಅದು ಬರೀ ಹೋಲಿಕೆಯಾಗಿರಲಿಲ್ಲ. ದೊಣ್ಣೆಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜೀನ್ ಎಂಬ ರಾಸಾಯನಿಕವೇ ಕೆಲವು ದ್ರಾಕ್ಷಿ ತಳಿಗಳಲ್ಲೂ ಇದೆ. ಒಂದು ಲೀಟರ್ ವೈನಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಂತೆ ಹತ್ತು ಹದಿನೈದು ಪಾಲು ಇದ್ದರೆ ಸಾಕು, ಮೂಗು ಹಿಡಿಯುತ್ತದೆ. ಕ್ಯಾಬರ್ನೆ ಸೋವಿನ್ಯೋನ್, ಅದರ ಹೆತ್ತ ತಳಿಯಾದ ಕ್ಯಾಬರ್ನೆ ಫ್ರಾಂಕ್, ಅದೇ ಬಳಗದ ಕಾರ್ಮೆನೇರ್ ಈ ವಾಸನೆಯ ಮನೆತನ. ಇದೊಂದು ಗುರುತು ಸಿಕ್ಕರೆ ನೂರಾರು ತಳಿಗಳ ಪಟ್ಟಿ ನಾಲ್ಕೈದಕ್ಕೆ ಇಳಿಯುತ್ತದೆ.

ಮೂರನೆಯದು ಬಾಯಿ. ಎರಡು ಚಮಚೆಯಷ್ಟು ವೈನನ್ನು ಬಾಯಿಗೆ ತೆಗೆದುಕೊಂಡು, ತುಟಿ ಸ್ವಲ್ಪ ತೆರೆದು ಗಾಳಿ ಒಳಗೆಳೆಯುತ್ತಾರೆ. ಬಿಸಿ ಕಾಫಿ ಸೊರ್ ಎಂದು ಎಳೆದಂಥ ಸದ್ದು. ಬಾಯಿಯ ಬಿಸಿಗೂ ಗಾಳಿಗೂ ವಾಸನೆ ಬಿಡುಗಡೆಯಾಗಿ, ಗಂಟಲ ಹಿಂಬದಿಯಿಂದ ಮತ್ತೆ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಈ ಹಿಂಬಾಗಿಲು ಕಟ್ಟಿಕೊಳ್ಳುವುದರಿಂದಲೇ. ಆಮೇಲೆ ಒಂದೊಂದನ್ನೇ ಅಳೆಯಬೇಕು. ಹುಳಿಯನ್ನು ಅಳೆಯುವುದು ಜೊಲ್ಲಿನಿಂದ: ಉಗುಳಿದ ಮೇಲೆ ನಾಲಿಗೆಯ ಇಕ್ಕೆಲಗಳಲ್ಲಿ ಎಷ್ಟು ನೀರೂರುತ್ತದೆ, ಎಷ್ಟು ಹೊತ್ತು ಊರುತ್ತದೆ. ಮದ್ಯಸಾರವನ್ನು ಗಂಟಲಿನ ಬಿಸಿಯಿಂದ. ರುಚಿ ಎಷ್ಟು ಹೊತ್ತು ಉಳಿಯಿತೆಂಬುದನ್ನು ಸೆಕೆಂಡು ಎಣಿಸಿ.

ಉಳಿದದ್ದು ಟ್ಯಾನಿನ್. ಸಿಪ್ಪೆ, ಬೀಜ, ತೊಟ್ಟುಗಳಿಂದ ಇಳಿಯುವ ಈ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ಕಸಿಯುತ್ತದೆ. ವಸಡು, ಕೆನ್ನೆಯ ಒಳಭಾಗ ಒಣಗಿ ಹಿಡಿದುಕೊಂಡಂತಾಗುತ್ತದೆ. ಇಂಗ್ಲಿಷಿನಲ್ಲಿ ವೈನ್ ಕಲಿಯುವವರು ಇದನ್ನು ಕಹಿಯೆಂದು ತಪ್ಪಾಗಿ ಬರೆಯುವುದು ಸಾಮಾನ್ಯ, ಏಕೆಂದರೆ ದಿನಬಳಕೆಯ ಮಾತಿನಲ್ಲಿ ಅವರಿಗೆ ಅದಕ್ಕೆ ಬೇರೆ ಹೆಸರಿಲ್ಲ. ನಮಗಿದೆ: ಒಗರು. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಜೊತೆಗೆ ಆರನೆಯ ರಸವಾಗಿ ಅದನ್ನು ಎಣಿಸುತ್ತೇವೆ. ಕನ್ನಡದ ಅಡುಗೆಮನೆಯಲ್ಲಿ ಬೆಳೆದ ನಾಲಿಗೆ ಒಗರಿನ ಒಳಭೇದಗಳನ್ನೂ ಬಲ್ಲದು. ಬಾಳೆಕಾಯಿಯ ಒಗರು ಅಂಟಂಟು, ನೇರಳೆಹಣ್ಣಿನದು ನಯ, ಎಳೆಯಡಿಕೆಯದು ಬಾಯನ್ನೇ ಕಟ್ಟುವಂಥದ್ದು, ನೆಲ್ಲಿಕಾಯಿಯದು ನೀರು ಕುಡಿದ ಮೇಲೆ ಸಿಹಿಗೆ ಜಾಗ ಬಿಡುವಂಥದ್ದು. ಆ ಸಂಜೆ ಮೇಜಿನ ಮೇಲಿದ್ದ ಹಾಳೆಗಳಲ್ಲಿ ಅತ್ಯಂತ ನಿಖರವಾಗಿದ್ದದ್ದು ಒಗರಿನ ಅಂಕಣವೇ. ವೈನ್ ನಮ್ಮದಲ್ಲದ ಪಾನೀಯವೆಂದು ಹಿಂಜರಿಯುವವರಿಗೆ ನಾನು ಮೊದಲು ತೋರಿಸಬಯಸುವುದು ಈ ಒಂದು ಪದವನ್ನು.

ಇಷ್ಟೆಲ್ಲ ನಡೆಯುವಾಗ ಯಾರೂ ಮಾತಾಡುವಂತಿಲ್ಲ. ಒಬ್ಬರು “ಚೆರಿ” ಎಂದರೆ ಉಳಿದ ಐವರ ಮೂಗಿಗೂ ಚೆರಿ ಬರುತ್ತದೆ. ಕಣ್ಣಿನ ಸುಳಿವೇ ಸಾಕಷ್ಟು ದಾರಿ ತಪ್ಪಿಸಬಲ್ಲದು. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. ಮೊರೋ, ಬ್ರೋಶೆ, ದ್ಯುಬೂರ್ದಿಯು ಎಂಬ ಮೂವರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಹೆಸರಿನ ಪ್ರಭಾವ ಇನ್ನೂ ದೊಡ್ಡದು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ ಫ್ರಾನ್ಸಿನ ತೀರ್ಪುಗಾರರೇ ಹೆಸರು ಕಾಣದೆ ಕ್ಯಾಲಿಫೋರ್ನಿಯಾದ 1973ರ ಒಂದು ಕ್ಯಾಬರ್ನೆಯನ್ನು ತಮ್ಮ ಬೋರ್ಡೋಗಳಿಗಿಂತ ಮೇಲಿಟ್ಟಿದ್ದರು.

ಆ ಮೇಜಿನಲ್ಲಿ ಎಲ್ಲರಿಗಿಂತ ಪಳಗಿದ ಮೂಗು ಒಬ್ಬ ಹಿರಿಯರದು. ಅವರ ಕಸುಬು ಕಾಫಿ. ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂವತ್ತು ವರ್ಷ ಕಪ್ಪಿಂಗ್ ಮಾಡಿದವರು. ಸಾಲಾಗಿಟ್ಟ ಬಟ್ಟಲುಗಳಿಂದ ಚಮಚೆಯಲ್ಲಿ ಕಾಫಿ ಸುರ್ರೆಂದು ಎಳೆದು, ಉಗುಳಿ, ಚೀಲದ ಕಾಳಿನ ದರ್ಜೆ ಹೇಳುತ್ತಿದ್ದವರು. ಅವರು ಬರೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಹಾಳೆಯನ್ನು ನಡುವೆ ಮಡಿಸಿ, ಎಡಕ್ಕೆ ಕಂಡದ್ದನ್ನು ಬರೆಯುತ್ತಾರೆ. ಬಲಭಾಗ ಊಹೆಗೆ, ಎಡಭಾಗ ತುಂಬುವವರೆಗೆ ಬಲಕ್ಕೆ ಪೆನ್ಸಿಲ್ ಹೋಗುವುದಿಲ್ಲ. ಹೆಸರು ಮೊದಲು ಹೊಳೆದರೆ ಮೂಗು ಆ ಹೆಸರಿಗೆ ತಕ್ಕ ಸಾಕ್ಷಿಗಳನ್ನು ಮಾತ್ರ ಹುಡುಕುತ್ತದೆ ಎಂಬುದು ಅವರ ಅನುಭವ.

‘ದ’ ಗ್ಲಾಸಿನ ಅವರ ಬರಹ ಹೀಗಿತ್ತು: ಬಣ್ಣ ತಿಳಿ, ಅಂಚು ಇಟ್ಟಿಗೆ. ಮೂಗಿಗೆ ಒಣಗುಲಾಬಿ, ಡಾಂಬರಿನ ಎಳೆ. ಹುಳಿ ಹೆಚ್ಚು. ಒಗರು ಎಳೆಯಡಿಕೆ. ಇಷ್ಟು ಬರೆದು ಪೆನ್ಸಿಲ್ ಕೆಳಗಿಟ್ಟು, ಗ್ಲಾಸನ್ನು ಮತ್ತೆ ಬೆಳಕಿಗೆ ಹಿಡಿದರು. ಇಷ್ಟು ತಿಳಿ ಬಣ್ಣದ ವೈನಿನಲ್ಲಿ ಇಷ್ಟು ಒಗರು ಅಪರೂಪ. ತೆಳುಸಿಪ್ಪೆಯ ಪಿನೋ ನ್ವಾರ್ ಕೂಡ ತಿಳಿಯೇ, ಆದರೆ ಅದರ ಒಗರು ಮೃದು. ಬಣ್ಣ ಕಡಿಮೆ, ಒಗರು ವಿಪರೀತ, ಹುಳಿ ಚುರುಕು ಎಂಬ ಮೂರೂ ಒಟ್ಟಿಗೆ ಕೂಡುವ ತಳಿಯೊಂದು ಇಟಲಿಯ ವಾಯವ್ಯದ ಪೀಡ್‌ಮಾಂಟ್ ಸೀಮೆಯಲ್ಲಿದೆ, ನೆಬ್ಬಿಯೋಲೋ. ಬಲಕ್ಕೆ ಬರೆದರು: “ನೆಬ್ಬಿಯೋಲೋ. ಬರೋಲೋ ಇರಬಹುದು.”

‘ಮ’ದ ಬಳಿ ಅವರು ಬಹಳ ಹೊತ್ತು ನಿಂತರು. ಎಡಕ್ಕೆ ಕರಿಮೆಣಸು, ನೇರಳೆಹಣ್ಣು, ಹೊಗೆ ಎಂದು ಬರೆದು, ‘ಕ’ದ ಸಾಲಿಗೆ ಕಣ್ಣು ಹಾಯಿಸಿದರು. ಅಲ್ಲೂ ಅವೇ ಮೂರು ಮಾತು. ಆದರೆ ‘ಕ’ ಬಿಗಿಯಾಗಿತ್ತು, ‘ಮ’ ಮೃದುವಾಗಿದೆ. ಬ್ರೆಡ್ ತಿಂದು, ನೀರು ಮುಕ್ಕಳಿಸಿ, ಗಡಿಯಾರ ನೋಡಿ ಹತ್ತು ನಿಮಿಷ ಸುಮ್ಮನೆ ಕುಳಿತರು. ಉಳಿದವರು ‘ಲ’ಕ್ಕೆ ಹೋಗಿದ್ದರು. ಆಮೇಲೆ ‘ಕ’ವನ್ನು ಮತ್ತೊಮ್ಮೆ, ‘ಮ’ವನ್ನು ಮತ್ತೊಮ್ಮೆ ತೆಗೆದುಕೊಂಡು ಬರೆದರು: “ಕ, ಮ: ಮೂಗು ಒಂದೇ. ಬಾಯಿ ಬೇರೆ. ಬೇರೆಯಾದದ್ದು ನನ್ನ ಬಾಯಿಯೇ ಇರಬೇಕು.”

ಲಕೋಟೆ ಒಡೆದಾಗ ರಾತ್ರಿ ಒಂಬತ್ತಾಗಿತ್ತು. ಬಾಟಲಿಗಳು ಹೊರಬಂದವು. ಎಣಿಸಿದರೆ ಐದೇ. ‘ಗ’ ಬರ್ಗಂಡಿಯ ಪಿನೋ ನ್ವಾರ್. ‘ಜ’ ಚಿಲಿ ದೇಶದ ಕಾರ್ಮೆನೇರ್. ‘ದ’ ಬರೋಲೋ. ‘ಲ’ ನಂದಿ ಬೆಟ್ಟದ ತಪ್ಪಲಿನಲ್ಲಿ ಬೆಳೆದ ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ. ‘ಕ’ ಮತ್ತು ‘ಮ’ ಎರಡೂ ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಒಂದೇ ಬಾಟಲಿಯ ಸಿರಾ. 750 ಮಿಲಿಲೀಟರಿನ ಬಾಟಲಿಯಲ್ಲಿ ಆರು ಮಂದಿಗೆ ಐವತ್ತರಂತೆ ಎರಡು ಸಲ ಸುರಿದರೂ 150 ಉಳಿಯುತ್ತದೆ. ಅಮ್ಮ “ಆರು ಜಗ್ಗು ಇವೆ” ಎಂದಿದ್ದರು, ಆರು ವೈನ್ ಎಂದಿರಲಿಲ್ಲ.

ಎರಡು ಗ್ಲಾಸು ಬೇರೆ ಬೇರೆ ರುಚಿಸಿದ್ದಕ್ಕೆ ಕಾರಣವಿದೆ. ಒಗರು ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಶುರುವಿನಲ್ಲಿ ಬಂದ ‘ಕ’ ಶುಭ್ರವಾದ ನಾಲಿಗೆಗೆ ಬಿಗಿಯಾಗಿ ತೋರಿತು. ಬರೋಲೋದ ಎಳೆಯಡಿಕೆಯಂಥ ಒಗರಿನ ಬೆನ್ನಿಗೇ ಬಂದ ಅದೇ ವೈನ್ ಪಕ್ಕದವನ ಮುಂದೆ ಮೆತ್ತಗಾಯಿತು. ನಾಲ್ವರು ಅವನ್ನು ಎರಡು ಬೇರೆ ದೇಶಗಳ ವೈನ್ ಎಂದೇ ಬರೆದಿದ್ದರು.

ಆರನೆಯವರು, ಗುಂಪಿನ ಕಿರಿಯ ಹುಡುಗಿ, ಎರಡರಲ್ಲೂ ಮೆಣಸಿನ ಮಾತೇ ಬರೆದಿರಲಿಲ್ಲ. ತನ್ನ ಮೂಗೇ ಸರಿಯಿಲ್ಲವೇನೋ ಎಂದು ಆಕೆಗೆ ಅಳುಕು. ಸಿರಾದ ಮೆಣಸಿನ ವಾಸನೆಗೆ ರೊಟಂಡೋನ್ ಎಂಬ ವಸ್ತು ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಕೊಡಗಿನ ತೋಟದ ಕರಿಮೆಣಸಿನಲ್ಲಿರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯುವುದೇ ಇಲ್ಲ. “ನಿನಗೆ ಬಾರದ್ದನ್ನು ನೀನು ಬರೆಯಲಿಲ್ಲವಲ್ಲ ಮಗಾ, ಅದೇ ಸರಿ. ಎರಡು ಸಲವೂ ಬರೆಯಲಿಲ್ಲ, ಅದು ಇನ್ನೂ ಸರಿ” ಎಂದರು ಹಿರಿಯರು.

ದೊಣ್ಣೆಮೆಣಸಿನಕಾಯಿಯ ಗ್ಲಾಸಿನ ಹಿಂದೆ ಒಂದು ಕಥೆಯೂ ಇತ್ತು. ಕಾರ್ಮೆನೇರ್ ಮೂಲತಃ ಬೋರ್ಡೋದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರಿಗೆ ಬಿದ್ದ ಫೈಲೋಕ್ಸೆರಾ ಹುಳು ಅಲ್ಲಿನ ತೋಟಗಳನ್ನು ನುಂಗಿದ ಮೇಲೆ ಆ ತಳಿ ಅಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಯಿತು. ಅದಕ್ಕೆ ಮೊದಲೇ ಚಿಲಿಗೆ ಒಯ್ದಿದ್ದ ಬಳ್ಳಿಗಳು ಅಲ್ಲಿ ಮರ್ಲೋ ತಳಿಯ ಜೊತೆ ಬೆರೆತು, ಮರ್ಲೋ ಎಂದೇ ಕರೆಸಿಕೊಂಡು ಬೆಳೆದವು. 1994ರಲ್ಲಿ ಫ್ರಾನ್ಸಿನ ಸಸ್ಯತಜ್ಞ ಜಾನ್-ಮಿಷೆಲ್ ಬೂರ್ಸಿಕೋ ಬಳ್ಳಿಯನ್ನು ನೋಡಿ ಗುರುತು ಹೇಳುವವರೆಗೆ ಅದಕ್ಕೆ ಅದರ ಹೆಸರು ಮರಳಿರಲಿಲ್ಲ. ಮನೆಯೊಡತಿಯ ಹಾಳೆಯಲ್ಲಿ ‘ಜ’ದ ಮುಂದೆ ಕ್ಯಾಬರ್ನೆ ಫ್ರಾಂಕ್ ಎಂದಿತ್ತು. ತಳಿ ತಪ್ಪು, ಮನೆತನ ಸರಿ. ಎಡಭಾಗದಲ್ಲಿ ಅಮ್ಮನ ಮಾತು ಹಾಗೆಯೇ ಬರೆದಿತ್ತು.

‘ಲ’ವನ್ನು ಹಿರಿಯರು ಆಸ್ಟ್ರೇಲಿಯಾದ್ದೆಂದು ಬರೆದಿದ್ದರು. ಗಾಢ ಬಣ್ಣ, ಮಾಗಿದ ಹಣ್ಣು, ಸೌಮ್ಯ ಹುಳಿ. ಬಿಸಿಲಿನ ನೆಲ ಎಂಬವರೆಗೆ ಅವರ ತರ್ಕ ತಪ್ಪಿರಲಿಲ್ಲ. ಉದ್ಯಮಿ ಕನ್ವಲ್ ಗ್ರೋವರ್ ನಂದಿಯ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದ್ದು 1980ರ ದಶಕದಲ್ಲಿ. ಈ ಸೀಮೆಯಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಸವರಿ, ಒಂದೇ ಬೆಳೆ ತೆಗೆದು, ಚಳಿಗಾಲದ ಕೊನೆಯಿಂದ ಬೇಸಗೆಯ ಆರಂಭದವರೆಗೆ ಕೊಯ್ಯುತ್ತಾರೆ. ಹಿರಿಯರು ಬಾಟಲಿಯನ್ನು ಎತ್ತಿ ಊರಿನ ಹೆಸರು ಓದಿದರು. ಮತ್ತೆ ಗ್ಲಾಸನ್ನು ಮೂಸಿದರು. ಎಡಭಾಗದಲ್ಲಿ ಬರೆದಿದ್ದ ಒಂದು ಮಾತನ್ನೂ ಬದಲಿಸಲಿಲ್ಲ. ಬಲಭಾಗದ ಆಸ್ಟ್ರೇಲಿಯಾಕ್ಕೆ ಗೀಟು ಹಾಕಿ ನಂದಿ ಎಂದು ಬರೆದರು.

ಆಮೇಲೆ ಜಗ್ಗುಗಳಲ್ಲಿ ಉಳಿದದ್ದನ್ನು ಎಲ್ಲರೂ ಹಂಚಿಕೊಂಡು, ಈ ಸಲ ನುಂಗಿ, ಅಕ್ಕಿರೊಟ್ಟಿ, ಎಣ್ಣೆಗಾಯಿಯ ಜೊತೆ ಊಟ ಮಾಡಿದರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಆಗ ಕೇಳಿಸಿತು.

ಗ್ಲಾಸು ತೊಳೆಯುವ ಹೊತ್ತಿಗೆ ಹಿರಿಯರು ಖಾಲಿಯಾದ ‘ದ’ ಗ್ಲಾಸನ್ನು ಪಕ್ಕಕ್ಕೆ ತೆಗೆದಿಡಲು ಹೇಳಿದರು. ವೈನ್ ಆರಿಹೋದ ಗ್ಲಾಸಿನಲ್ಲಿ ಹಣ್ಣಿನ ವಾಸನೆ ಹೋಗಿ ಪೀಪಾಯಿಯ ಮರ ಮಾತ್ರ ಉಳಿಯುತ್ತದಂತೆ. ಚಪ್ಪಲಿ ಮೆಟ್ಟುವ ಮೊದಲು ಅದನ್ನೊಮ್ಮೆ ಮೂಸಿ, ಮಡಿಸಿ ಜೇಬಿಗಿಟ್ಟಿದ್ದ ಹಾಳೆಯನ್ನು ಹೊರತೆಗೆದು, ಎಡಭಾಗದಲ್ಲಿ ಇನ್ನೊಂದು ಪದ ಬರೆದರು: ಲವಂಗ.